ಬಿಳಿ ಶರ್ಟು, ಬೀಗರೂಟದ ಸಾರು, ನಾಲ್ಕು ಬಕೆಟ್ಟು

[ಕ್ಯಾಮೆರಾ ಶರ್ಟಿನ ಜೇಬಿನ ಹತ್ತಿರಕ್ಕೆ. ಹಳದಿ ಕಲೆ, ಸುತ್ತ ಎಣ್ಣೆ ಜಿಡ್ಡಿನ ಉಂಗುರ.]

ಇದು ನಮ್ಮ ಸೋದರಮಾವನ ಶರ್ಟು. ಹೋದ ತಿಂಗಳು ಚನ್ನರಾಯಪಟ್ಟಣದ ಹತ್ರ ಒಂದು ಬೀಗರೂಟ. ಮಾವ ಬಿಳಿ ಶರ್ಟು, ಬಿಳಿ ಪಂಚೆ, ಗರಿಗರಿ ಇಸ್ತ್ರಿ. ಮುದ್ದೆ ಮುರಿದು, ಮಟನ್ ಸಾರಿಗೆ ಅದ್ದಿ, ಬಾಯಿಗೆ ತರೋ ದಾರೀಲಿ ಪಕ್ಕದೋರ ಮೊಣಕೈ ತಗುಲ್ತು. ಮುದ್ದೆ ಬಾಯಿಗೆ ಹೋಯ್ತು, ಸಾರು ಜೇಬಿಗೆ.

ಮನೆಗೆ ಬಂದೋರೇ ಶರ್ಟು ಬಿಚ್ಚಿ ನನ್ನ ಕೈಗೆ ಕೊಟ್ಟು, "ಊರಿಗೆಲ್ಲ ವಿಡಿಯೋ ಮಾಡಿ ಬುದ್ಧಿ ಹೇಳ್ತೀಯಲ್ಲ, ಇದನ್ನ ತೆಗಿ ನೋಡನ" ಅಂದ್ರು.

ಸರಿ, ಯಾವ ಪೌಡರ್ ಊಟದ ಕಲೆ ತೆಗೆಯುತ್ತೆ ಅಂತ ನೋಡೇಬಿಡೋಣ. ಸೋಪು-ಪೌಡರ್ ಕೆಲಸ ಮಾಡೋದು ಹೇಗೆ ಅಂತ ನಿಮಗೆ ಗೊತ್ತಿರೋದೇ: ಅದರ ಅಣುವಿನ ಒಂದು ತುದಿ ಎಣ್ಣೆ ಹಿಡಿಯುತ್ತೆ, ಇನ್ನೊಂದು ತುದಿ ನೀರು ಹಿಡಿಯುತ್ತೆ, ಜಿಡ್ಡು ಎದ್ದು ಬರುತ್ತೆ. ಆಯ್ತು, ಮುಂದಕ್ಕೆ ಹೋಗೋಣ.

[ಮೇಲಿಂದ ಶಾಟ್: ಹಾಲ್‌ನಲ್ಲಿ ಹರಡಿದ ಬಿಳಿ ಬಟ್ಟೆ ತುಂಡುಗಳು.]

ಅಪ್ಪನ ಹಳೇ ಪಂಚೆ ಒಂದನ್ನ 12 ತುಂಡು ಮಾಡಿದೆ. ಮೂರು ಕಲೆ: ಮಟನ್ ಸಾರು, ಫಿಲ್ಟರ್ ಕಾಫಿ, ಮೊಟ್ಟೆ. ಒಂದೊಂದಕ್ಕೆ ನಾಲ್ಕು ತುಂಡು. ಎಲ್ಲದಕ್ಕೂ ಅಳತೆ ಒಂದೇ ಚಮಚ, ರಾತ್ರಿಯಿಡೀ ಒಣಗಿಸಿದ್ದು. ನಾಲ್ಕು ಬಕೆಟ್ಟಿಗೂ ನಲ್ಲಿಯಲ್ಲಿ ಬರೋ ಹೇಮಾವತಿ ನೀರು. ಬೋರ್‌ವೆಲ್ ನೀರು ಬೇಡ ಅಂದೆ, ಅದರ ಗಡಸುತನ ಪೌಡರಿನ ಅರ್ಧ ಶಕ್ತಿ ತಾನೇ ನುಂಗಿಬಿಟ್ರೆ ಯಾರ ಮೇಲೆ ತಪ್ಪು ಹೊರಿಸೋಣ? ಒಂದನೇ ಬಕೆಟ್ಟಿಗೆ ಅಗ್ಗದ ಪೌಡರ್, ಎರಡನೇದಕ್ಕೆ ಪ್ಯಾಕೆಟ್ ಹಿಂದೆ ಎನ್‌ಜೈಮ್ ಅಂತ ಬರೆದಿರೋ ಪೌಡರ್, ಮೂರನೇದಕ್ಕೆ ಲಿಕ್ವಿಡ್, ನಾಲ್ಕನೇದು ಬರೀ ನೀರು. ಬ್ರಾಂಡ್ ಹೆಸರು ಹೇಳಲ್ಲ, ನನಗಿನ್ನೂ ಚಾನೆಲ್ ನಡೆಸೋದಿದೆ.

ತಿಕ್ಕೋದು ನಾನಲ್ಲ. ದುಡ್ಡು ಜಾಸ್ತಿ ಕೊಟ್ಟ ಪೌಡರಿಗೆ ನನ್ನ ಕೈ ತಾನಾಗೇ ಜೋರಾಗಿ ಓಡುತ್ತೆ. ಅದಕ್ಕೆ ತಮ್ಮನ್ನ ಕೂರಿಸಿದೆ. ಯಾವ ಬಕೆಟ್ಟಲ್ಲಿ ಏನಿದೆ ಅಂತ ಅವನಿಗೆ ಹೇಳಿಲ್ಲ. ಒಂದೊಂದು ತುಂಡಿಗೆ ಲೆಕ್ಕ ಹಾಕಿ 20 ಸಲ ತಿಕ್ಕಬೇಕು, ಅಷ್ಟೇ.

[ಕ್ಯಾಮೆರಾ ಒಂದನೇ ಬಕೆಟ್ಟಿನ ಒಳಗೆ. ಹಳದಿ ಕಲೆ ನೀರಿಗೆ ಇಳಿಯುತ್ತಿದೆ.]

ಇಲ್ಲಿ ನೋಡಿ, ಕಣ್ಣು ಮಿಟುಕಿಸಬೇಡಿ. ಹಳದಿ... ಹಳದಿ... ಕೆಂಪು!

ತಮ್ಮ "ಅಯ್ಯೋ, ಬಣ್ಣ ಬಿಟ್ತು!" ಅಂತ ಎದ್ದೇ ನಿಂತ. ಬಿಳಿ ಪಂಚೆಯಿಂದ ಯಾವ ಬಣ್ಣ ಬಿಡುತ್ತೆ ಮಾರಾಯ?

ಇದು ಅರಿಶಿನ. ಅದರ ಹಳದಿಯ ಹೆಸರು ಕರ್ಕ್ಯುಮಿನ್, 1815ರಲ್ಲೇ ಅದನ್ನ ಬೇರ್ಪಡಿಸಿದ್ರು. ಕ್ಷಾರ ಸೋಕಿದ್ರೆ, ಅಂದ್ರೆ ಹುಳಿ-ಕ್ಷಾರ ಅಳೆಯೋ ಪಿಎಚ್ ಲೆಕ್ಕದಲ್ಲಿ 8 ದಾಟಿದ್ರೆ, ಅದು ಕೆಂಪಾಗುತ್ತೆ. ಅಗ್ಗದ ಪೌಡರಲ್ಲಿ ಬಟ್ಟೆ ಸೋಡಾ ಧಾರಾಳ, ಅದಕ್ಕೆ ಆ ಬಕೆಟ್ಟಲ್ಲಿ ರಕ್ತದ ಕಲೆ ಥರ. ಲಿಕ್ವಿಡ್‌ನಲ್ಲಿ ಕ್ಷಾರ ಕಮ್ಮಿ, ಅಲ್ಲಿ ಬರೀ ಕಿತ್ತಳೆ ಛಾಯೆ. ಸ್ಕೂಲಲ್ಲಿ ಅರಿಶಿನದ ಕಾಗದಕ್ಕೆ ಸೋಪು ನೀರು ಬಿಟ್ಟಿದ್ದು ನೆನಪಿದ್ಯಾ? ಅದೇ.

ಆದ್ರೆ ನನಗೆ ಸ್ಕೂಲಿಗಿಂತ ಮದುವೆಮನೆ ನೆನಪಾಯ್ತು. ಮದುಮಕ್ಕಳು ಹೊಸ್ತಿಲಿಗೆ ಬಂದಾಗ ತಟ್ಟೇಲಿ ಕೆಂಪು ನೀರಿನ ಆರತಿ ಎತ್ತುತಾರಲ್ಲ, ಓಕುಳಿ? ಅದಕ್ಕೆ ಯಾರೂ ಕೆಂಪು ಬಣ್ಣ ಹಾಕಲ್ಲ. ಅರಿಶಿನದ ನೀರಿಗೆ ಒಂದು ಚಿಟಿಕೆ ಸುಣ್ಣ. ಸುಣ್ಣ ಕ್ಷಾರ, ಅರಿಶಿನ ಕೆಂಪು. ಹಳೇ ಕಾಲದ ಕುಂಕುಮ ಮಾಡ್ತಿದ್ದ ಗುಟ್ಟೂ ಇದೇ. ಅಂದ್ರೆ ಆ ಮದುವೇಲಿ ಅತ್ತೆ ತಟ್ಟೇಲಿ ಮಾಡಿದ್ದನ್ನೇ ನಾವೀಗ ಮಾವನ ಕಲೆಗೆ ಬಕೆಟ್ಟಲ್ಲಿ ಮಾಡ್ತಾ ಇದೀವಿ. ಆರತಿ ದುಡ್ಡು ಮಾತ್ರ ಯಾರೂ ಹಾಕ್ತಿಲ್ಲ.

[ನಿಂಬೆಹಣ್ಣು ಹಿಂಡುವ ಕೈ. ಕೆಂಪು ಕಲೆಯ ಮೇಲೆ ಹನಿ.]

ನಿಂಬೆ ಹಿಂಡಿದೆ, ಮತ್ತೆ ಹಳದಿ. ಸೋಡಾ ನೀರು ಬಿಟ್ಟೆ, ಕೆಂಪು. ನಿಂಬೆ, ಹಳದಿ. ಈ ಆಟ ನಾನು ಅರ್ಧ ಗಂಟೆ ಆಡಿದೀನಿ, ಎಡಿಟಿಂಗ್‌ನಲ್ಲಿ ನಿಮ್ಮನ್ನ ಕಾಪಾಡಿದೀನಿ. ಬಟ್ಟೆ ಕೆಂಪಾಯ್ತು ಅಂತ ಇನ್ಮೇಲೆ ಗಾಬರಿ ಆಗ್ಬೇಡಿ, ಚೆನ್ನಾಗಿ ಜಾಲಾಡಿದ್ರೆ ಹಳದಿಗೆ ವಾಪಸ್ ಬರುತ್ತೆ.

ತಿಕ್ಕಿದ್ದಾಯ್ತು, ಜಾಲಾಡಿದ್ದಾಯ್ತು. 12 ತುಂಡನ್ನೂ ತಾರಸಿ ಮೇಲೆ ಬೆಳಗ್ಗೆ 9ಕ್ಕೆ ಒಣಗಿ ಹಾಕಿ, ಸಂಜೆ 5ಕ್ಕೆ ತೆಗೆದೆ. ಯಾರು ಗೆದ್ರು ಗೊತ್ತಾ?

ಎಲ್ಲರೂ! ಸಾರಿನ ನಾಲ್ಕು ತುಂಡಲ್ಲೂ ಹಳದಿ ಮುಕ್ಕಾಲುಪಾಲು ಮಾಯ. ಬರೀ ನೀರಿನ ಬಕೆಟ್ಟಿಂದೂ! ಅದರಲ್ಲಿ ಎಣ್ಣೆ ಜಿಡ್ಡು ಹಾಗೇ ಕೂತಿತ್ತು, ಹಳದಿ ಮಾತ್ರ ಇರಲಿಲ್ಲ.

ನಾನು ತಲೆ ಮೇಲೆ ಕೈ ಹೊತ್ಕೊಂಡು ಕೂತಿದ್ರೆ, ಅಮ್ಮ ಕಾಫಿ ಲೋಟ ಕೊಡ್ತಾ, "ಬಿಸಿಲಿಗೆ ಹಾಕಿದ್ರೆ ಅರಿಶಿನ ಹೋಗದೆ ಇರುತ್ತೇನೋ? ಕೇಳಿದ್ರೆ ನಾನೇ ಹೇಳ್ತಿದ್ದೆ" ಅಂದ್ರು.

ಕೇಳಿರಲಿಲ್ಲ.

[ನೆಲದ ಮೇಲೆ ಹಳದಿ ಬಟ್ಟೆ, ಮೇಲೊಂದು ಸ್ಟೀಲ್ ಚಮಚ.]

ಇದು ಮಾರನೇ ದಿನ. ಒಂದು ಬಟ್ಟೆಯನ್ನ ಪೂರ್ತಿ ಅರಿಶಿನದ ನೀರಲ್ಲಿ ಅದ್ದಿ, ತಾರಸಿ ಮೇಲೆ ಹಾಸಿ, ನಡುವೆ ಚಮಚ ಇಟ್ಟೆ. ಸಂಜೆ ಚಮಚ ಎತ್ತಿದಾಗ, ನೋಡಿ... ಸುತ್ತ ಬಟ್ಟೆ ಬೆಳ್ಳಗೆ, ನಡುವೆ ಹಳದಿ ಚಮಚ! ಹಿಡಿ, ಕುತ್ತಿಗೆ, ಬಾಯಿ, ಎಲ್ಲ ಅಚ್ಚೊತ್ತಿದ ಹಾಗೆ. ಹಳೇ ಕಾಲದ ಫೋಟೋ ಇದ್ದಂಗೆ.

ಬಿಸಿಲು ಕಲೆಯನ್ನ ತೊಳೆಯಲ್ಲ, ಮುರಿಯುತ್ತೆ. ಕರ್ಕ್ಯುಮಿನ್ ಹಳದಿಯಾಗಿ ಕಾಣೋದು ಅದರ ಅಣುವಿನ ಉದ್ದನೆಯ ಕೊಂಡಿಯಿಂದ. ಬೆಳಕು ಬಿದ್ದು ಕೊಂಡಿ ಮುರಿದ್ರೆ ಚೂರುಗಳು ಸಿಗುತ್ತವೆ, ಬಣ್ಣ ಇರಲ್ಲ. ಆ ಚೂರುಗಳಲ್ಲಿ ಒಂದು ವೆನಿಲಿನ್. ಹೌದು, ವೆನಿಲಾ ಐಸ್‌ಕ್ರೀಮಿನ ಘಮ ಕೊಡೋ ಅದೇ ವೆನಿಲಿನ್! ನಾನು ಶರ್ಟು ಮೂಸಿ ನೋಡಿದೆ. ಮಟನ್ ಸಾರಿನ ವಾಸನೇನೇ ಬಂತು.

ಸಕಲೇಶಪುರ, ಮೂಡಿಗೆರೆ ಕಡೆಯೋರು ಈಗ ನನ್ನ ಬಯ್ತಿರ್ತೀರ. ಮಳೆ ಹಿಡಿದ್ರೆ ವಾರಗಟ್ಟಲೆ ಬಿಸಿಲೆಲ್ಲಿ? ಮೋಡದ ಬೆಳಕಿಗೂ ಹೋಗುತ್ತೆ, ಆದ್ರೆ ಬಲು ನಿಧಾನ. ಬಚ್ಚಲೊಲೆ ಮೇಲಿನ ಹಗ್ಗಕ್ಕೆ ಹಾಕಿದ್ರೆ ಬಟ್ಟೆ ಒಣಗುತ್ತೆ, ಅರಿಶಿನ ಅಲ್ಲೇ ಇರುತ್ತೆ. ಬೇಕಾಗಿರೋದು ಬೆಳಕು, ಬರೀ ಕಾವಲ್ಲ.

ಅಲ್ಲಿಗೆ ನನ್ನ ಮೊದಲ ಪರೀಕ್ಷೆ ಕಸದಬುಟ್ಟಿಗೆ. ನಾನು ಪೌಡರ್ ಪರೀಕ್ಷೆ ಮಾಡಿರಲಿಲ್ಲ, ಹಾಸನದ ಬಿಸಿಲನ್ನ ಪರೀಕ್ಷೆ ಮಾಡಿದ್ದೆ. ಅಪ್ಪನ ಎರಡನೇ ಪಂಚೆ ಬಲಿಯಾಯ್ತು. ಅದೇ 12 ತುಂಡು, ಅದೇ ತಮ್ಮ, ಈ ಸಲ ಒಣಗಿಸಿದ್ದು ಕಿಟಕಿ ಮುಚ್ಚಿದ ಸ್ಟೋರ್ ರೂಮಲ್ಲಿ, ಫ್ಯಾನ್ ಕೆಳಗೆ.

ಟೈಮ್ ಜಾಸ್ತಿ ಆಗ್ತಿದೆ, ಫಲಿತಾಂಶ ಬೇಗ ಬೇಗ ಹೇಳ್ತೀನಿ.

ಸಾರು: ಬರೀ ನೀರು ಬಿಟ್ಟು ಉಳಿದ ಮೂರು ಬಕೆಟ್ಟು ನೋಡಿ. ಜಿಡ್ಡು ಮೂರರಲ್ಲೂ ಹೋಯ್ತು, ಹಳದಿ ಮೂರರಲ್ಲೂ ಉಳೀತು. ಕರ್ಕ್ಯುಮಿನ್ ನೀರಲ್ಲಿ ಕರಗೋದೇ ಇಲ್ಲ ಅನ್ನಬಹುದು, ಪಾಪ ಪೌಡರ್ ಏನ್ ಮಾಡುತ್ತೆ? ಕಾಫಿ: ಒಂದು ರಾತ್ರಿಯ ಕಲೆಗೆ ಮೂರೂ ಪಾಸು. ಕಾಫಿ ನಾಡಿನ ಮರ್ಯಾದೆಗೆ ಎರಡು ದಿನ ಹಳೇ ಡಿಕಾಕ್ಷನ್ ಕಲೆ ಹಾಕಿ ನೋಡಿದೆ, ಯಾವುದೂ ಪೂರ್ತಿ ತೆಗೀಲಿಲ್ಲ.

ಮೊಟ್ಟೇಲಿ ಮಾತ್ರ ಎರಡನೇ ಬಕೆಟ್ಟು ಒಂದೇ ಗೆದ್ದಿದ್ದು. ಅದರ ಎನ್‌ಜೈಮ್ ಪ್ರೋಟೀನನ್ನ ಕತ್ತರಿಸುತ್ತೆ. ಬಾಡು ಬೇಗ ಬೇಯಲಿ ಅಂತ ಪರಂಗಿಕಾಯಿ ಹಾಕಲ್ವಾ, ಅದೇ ಕೆಲಸ. 1913ರಲ್ಲಿ ಜರ್ಮನಿಯ ಒಟ್ಟೋ ರೋಮ್ ಇದಕ್ಕೆ ಪೇಟೆಂಟ್ ತಗೊಂಡಾಗ ಎನ್‌ಜೈಮ್ ಬಂದಿದ್ದು ಪ್ರಾಣಿಗಳ ಮೇದೋಜೀರಕ ಗ್ರಂಥಿಯಿಂದ, ಈಗ ಬ್ಯಾಕ್ಟೀರಿಯಾದಿಂದ ತೆಗೀತಾರೆ. ಎರಡು ಎಚ್ಚರಿಕೆ: ಕುದಿಯೋ ನೀರು ಹಾಕಿದ್ರೆ ಮೊಟ್ಟೆ ಬಟ್ಟೆ ಮೇಲೇ ಬೇಯುತ್ತೆ, ಎನ್‌ಜೈಮೂ ಸಾಯುತ್ತೆ. ಮತ್ತೆ ರೇಷ್ಮೆ ಕೂಡ ಪ್ರೋಟೀನೇ, ಅಮ್ಮನ ಧಾರೆ ಸೀರೆಯನ್ನ ಇದರ ಹತ್ರ ಬಿಡಬೇಡಿ.

[ಕೋಣೆ ಕತ್ತಲು. ನೋಟು ಪರೀಕ್ಷಿಸೋ ನೇರಳೆ ಟಾರ್ಚ್. ಬಟ್ಟೆ ನೀಲಿಯಾಗಿ ಹೊಳೆಯುತ್ತೆ.]

ಈ ಹೊಳಪು ಶುಭ್ರತೆ ಅಲ್ಲ. ಪೌಡರಲ್ಲಿರೋ ಬಣ್ಣ ಅದು, ಕಾಣದ ಅತಿನೇರಳೆ ಬೆಳಕು ಹೀರಿ ನೀಲಿ ಬೆಳಕು ಬಿಡುತ್ತೆ. ಹಳದಿ ಇದ್ದರೂ ಕಣ್ಣಿಗೆ ಬಿಳಿ. ಅಜ್ಜಿ ಬಟ್ಟೆಗೆ ನೀಲಿ ಹಾಕ್ತಿದ್ರಲ್ಲ, ಅದರ ಮೊಮ್ಮಗಳು. ಅದಕ್ಕೇ ಲ್ಯಾಬಿನೋರು ಕಣ್ಣು ನಂಬಲ್ಲ. ಒಂದೇ ಸಮ ಕಲೆ ಹಾಕಿದ ಬಟ್ಟೆಯನ್ನೇ ಕೊಂಡು ತಂದು, ಒಗೆಯೋ ಮುಂಚೆ ಮತ್ತು ಆಮೇಲೆ ಎಷ್ಟು ಬೆಳಕು ವಾಪಸ್ ಬಂತು ಅಂತ ಯಂತ್ರದಲ್ಲಿ ಅಳೀತಾರೆ. ನನ್ನ ಹತ್ರ ಇದ್ದಿದ್ದು ತಮ್ಮನ ಕಣ್ಣು ಮತ್ತು ಒಂದು ಬಿಳಿ ಹಾಳೆ.

ಮಾವನ ಶರ್ಟು? ಎರಡನೇ ಪೌಡರಲ್ಲಿ ನೆನೆಸಿ, ಒಗೆದು, ಎರಡು ದಿನ ಬಿಸಿಲಿಗೆ ಹಾಕಿ ಕೊಟ್ಟೆ. ತಿರುಗಿಸಿ ಮುರುಗಿಸಿ ನೋಡಿ, "ಗುಂಡಿ ಒಂದು ಕಿತ್ತೋಗಿದ್ಯಲ್ಲೋ" ಅಂದ್ರು. ಚಮಚದ ಫೋಟೋ ಇರೋ ಬಟ್ಟೆಯನ್ನ ಫ್ರೇಮ್ ಹಾಕಿಸೋಣ ಅಂತಿದ್ದೆ. ಅಮ್ಮ ಅದರಲ್ಲಿ ಒಲೆ ಒರೆಸ್ತಾ ಇದಾರೆ.