ತಾನಾಗೇ ಕಟ್ ಆಗೋ ದುಡ್ಡು

ಕೇಳುಗರೆಲ್ಲರಿಗೂ ನಮಸ್ಕಾರ, ಹೊಸ ವರ್ಷದ ಶುಭಾಶಯ. ಜನವರಿ ಬಂತು ಅಂದ್ರೆ ಸುಮಾರು ಜನ ಒಂದು ಹೊಸ ಡೈರಿ ತಗೋತಾರೆ, ಈ ವರ್ಷ ದಿನದ ಖರ್ಚೆಲ್ಲಾ ಬರೆದಿಡ್ತೀನಿ, ಹಾಲಿಗಿಷ್ಟು, ತರಕಾರಿಗಿಷ್ಟು, ಆಟೋಗಿಷ್ಟು ಅಂತ, ಸಂಕ್ರಾಂತಿ ಎಳ್ಳು ಬೀರೋ ಹೊತ್ತಿಗೆ ಆ ಡೈರಿ ಮಕ್ಕಳ ಕೈ ಸೇರಿ ಅದ್ರಲ್ಲಿ ಆನೆ ಕುದುರೆ ಚಿತ್ರ ಬಂದಿರುತ್ತೆ. ಬರೆಯೋರು ಬರೀಲಿ, ಬೇಡ ಅನ್ನಲ್ಲ. ನಾನು ಇವತ್ತು ಮಾತಾಡೋಕೆ ಬಂದಿರೋದು ನಾವು ಕೈಯಾರೆ ಕೊಡೋ ದುಡ್ಡಿನ ಬಗ್ಗೆ ಅಲ್ಲ, ನಮ್ಮನ್ನ ಕೇಳ್ದೇನೇ ಖಾತೆಯಿಂದ ತಾನಾಗೇ ಕಟ್ ಆಗುತ್ತಲ್ಲ, ಆ ದುಡ್ಡಿನ ಬಗ್ಗೆ.

ಕೇಳ್ದೇನೇ ಅಂದೆ, ನಿಜ ಹೇಳ್ಬೇಕಂದ್ರೆ ಕೇಳಿರ್ತಾರೆ. ಯಾವುದೋ ಸಿನಿಮಾ ಆಪ್ ಮೊದಲ ತಿಂಗಳು ಫ್ರೀ ಅಂದಿರುತ್ತೆ, ನಾವು ಐಪಿಎಲ್ ಜೋಶಲ್ಲಿ ಯುಪಿಐ ಪಿನ್ ಒತ್ತಿ ಆಟೋಪೇಗೆ ಒಪ್ಪಿಕೊಂಡಿರ್ತೀವಿ, ಆಮೇಲೆ ಕ್ರಿಕೆಟ್ಟೂ ಮುಗೀತು ಆಪೂ ಮರ್ತೋಯ್ತು, ತಿಂಗಳು ತಿಂಗಳು ದುಡ್ಡು ಮಾತ್ರ ಹೋಗ್ತಾನೇ ಇರುತ್ತೆ. ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ ಹೀಗೆ ಕಟ್ ಆಗೋ 24 ಗಂಟೆ ಮುಂಚೆ ಮೆಸೇಜ್ ಬರ್ಬೇಕು, ಬರುತ್ತೆ ಕೂಡ, ಆದ್ರೆ ದಿನಕ್ಕೆ ಇಪ್ಪತ್ತು ಮೆಸೇಜ್ ಬರೋ ಫೋನಲ್ಲಿ ಅದನ್ನ ಓದೋರು ಯಾರು? ಅದಕ್ಕೆ ಮೊದಲ ಕೆಲಸ, ಇವತ್ತೇ ನಿಮ್ಮ ಯುಪಿಐ ಆಪ್ ತೆಗೀರಿ, ಆಟೋಪೇ ಅಂತಾನೋ ಮ್ಯಾಂಡೇಟ್ ಅಂತಾನೋ ಒಂದು ಜಾಗ ಇರುತ್ತೆ, ಅಲ್ಲಿ ನೀವು ಒಪ್ಪಿಗೆ ಕೊಟ್ಟಿರೋದೆಲ್ಲಾ ಸಾಲಾಗಿ ಕಾಣುತ್ತೆ. ಬೇಡದ್ದನ್ನ ಅಲ್ಲೇ ಕ್ಯಾನ್ಸಲ್ ಮಾಡಿ. ಆಪ್ ಡಿಲೀಟ್ ಮಾಡಿದ ಮಾತ್ರಕ್ಕೆ ಒಪ್ಪಿಗೆ ರದ್ದಾಗಲ್ಲ, ಇದು ನೆನಪಿರ್ಲಿ.

ಈಗ ಕ್ರೆಡಿಟ್ ಕಾರ್ಡಿಗೆ ಬರೋಣ. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಿದ್ರು ಹಿರಿಯರು, ಈಗ ನೀವು ಕಾಲು ಚಾಚಿ ಸಾರ್, ಹಾಸಿಗೆ ನಾವು ಉದ್ದ ಮಾಡಿಕೊಡ್ತೀವಿ ಅಂತ ಮಧ್ಯಾಹ್ನ ಊಟದ ಹೊತ್ತಿಗೇ ಫೋನ್ ಮಾಡ್ತಾರೆ. ಕಾರ್ಡ್ ಕೆಟ್ಟದ್ದು ಅಂತಲ್ಲ, ಪೂರ್ತಿ ಬಿಲ್ ಟೈಮಿಗೆ ಕಟ್ಟೋರಿಗೆ ಅದು ಒಳ್ಳೇದೇ. ತೊಂದ್ರೆ ಇರೋದು ಇನ್ನೊಂದು ಕಡೆ. ಬಿಲ್ಲಿಗೆ ಆಟೋ ಡೆಬಿಟ್ ಹಾಕುವಾಗ ಎರಡು ಆಯ್ಕೆ ಕೇಳುತ್ತೆ, ಟೋಟಲ್ ಡ್ಯೂ ಅಥವಾ ಮಿನಿಮಮ್ ಡ್ಯೂ, ಮಿನಿಮಮ್ ಅನ್ನೋ ಪದ ಕಂಡ ತಕ್ಷಣ ನಮ್ಮ ಬೆರಳು ಅದ್ರ ಮೇಲೇ ಹೋಗುತ್ತೆ. ಲೆಕ್ಕ ಹಾಕಿ ನೋಡೋಣ. ಬಿಲ್ 40,000 ಅಂತಿಟ್ಕೊಳ್ಳಿ, ಮಿನಿಮಮ್ ಅಂತ ಶೇಕಡಾ 5, ಅಂದ್ರೆ 2,000 ಕಟ್ಟಿದ್ರಿ. ಉಳಿದ 38,000ಕ್ಕೆ ತಿಂಗಳಿಗೆ ಮೂರೂವರೆ ಪರ್ಸೆಂಟ್ ಬಡ್ಡಿ ಅಂದ್ರೆ 1,330 ಆಯ್ತು, ಆ ಬಡ್ಡಿ ಮೇಲೆ 18 ಪರ್ಸೆಂಟ್ ಜಿಎಸ್‌ಟಿ ಬೇರೆ, ಅದು ಸುಮಾರು 240, ಒಟ್ಟು 1,570. ಕಟ್ಟಿದ್ದು 2,000, ಸಾಲ ಕರಗಿದ್ದು ಹೆಚ್ಚುಕಮ್ಮಿ 430. ಅದೂ ಹೊಸದಾಗಿ ಏನೂ ಕೊಳ್ಳದೇ ಇದ್ರೆ ಮಾತ್ರ, ಯಾಕಂದ್ರೆ ಬಾಕಿ ಉಳಿಸಿಕೊಂಡಿದ್ರೆ ಹೊಸ ಖರ್ಚಿಗೆ ಆ ಬಡ್ಡಿಯಿಲ್ಲದ ನಲವತ್ತೈವತ್ತು ದಿನದ ಗಡುವೇ ಸಿಗಲ್ಲ, ಕಾರ್ಡ್ ಉಜ್ಜಿದ ದಿನದಿಂದಲೇ ಮೀಟರ್ ಓಡುತ್ತೆ. ನಮ್ಮೂರ ಬಡ್ಡಿ ವ್ಯಾಪಾರಿಗಳನ್ನ ನೂರಕ್ಕೆ ಮೂರು ಬಡ್ಡಿ ತಗೋತಾನೆ ಅಂತ ಬೈತೀವಲ್ಲ, ಇದು ಅದಕ್ಕಿಂತ ಜಾಸ್ತಿ. ಹಂಗಾಗಿ ಆ ಸೆಟ್ಟಿಂಗ್ ಟೋಟಲ್‌ಗೆ ಬದಲಾಯಿಸಿ. ಪೂರ್ತಿ ಕಟ್ಟೋಕಾಗಲ್ಲ ಅಂತಿದ್ರೆ ಅಷ್ಟು ದಿನ ಕಾರ್ಡ್ ಬೀರುವಿನಲ್ಲಿರ್ಲಿ.

ಇಷ್ಟು ಹೊತ್ತು ಬೇರೆಯವರು ನಮ್ಮ ಖಾತೆಯಿಂದ ಹೆಂಗೆ ದುಡ್ಡು ತಗೋತಾರೆ ಅಂತ ಹೇಳಿದೆ. ಅದೇ ಉಪಾಯ ನಾವು ನಮಗೋಸ್ಕರ ಯಾಕೆ ಮಾಡ್ಬಾರ್ದು? ತಿಂಗಳ ಕೊನೇಲಿ ಉಳಿದ್ರೆ ಇಡೋಣ ಅಂದ್ರೆ ಉಳಿಯಲ್ಲ, ಇದು ನಿಮಗೂ ಗೊತ್ತು. ಸಂಬಳ ಬಂದ ಮಾರನೇ ದಿನಕ್ಕೇ ಒಂದು ಆರ್‌ಡಿ, ಅಂದ್ರೆ ತಿಂಗಳು ತಿಂಗಳು ಇಷ್ಟಿಷ್ಟು ಅಂತ ಕಟ್ಟೋ ರಿಕರಿಂಗ್ ಡೆಪಾಸಿಟ್, ಕಟ್ ಆಗೋ ಹಂಗೆ ಹಾಕಿಬಿಡಿ. ಪೋಸ್ಟಾಫೀಸಲ್ಲಿ ತಿಂಗಳಿಗೆ 100 ರೂಪಾಯಿಂದ ಶುರು ಮಾಡ್ಬೋದು, ಐದು ವರ್ಷದ್ದು. 6.7 ಪರ್ಸೆಂಟ್ ಬಡ್ಡಿ ಲೆಕ್ಕದಲ್ಲಿ ತಿಂಗಳಿಗೆ 2,000 ಕಟ್ಟಿದ್ರೆ ಕೊನೆಗೆ 1,42,000ಕ್ಕೂ ಮೇಲೆ ಕೈಗೆ ಬರುತ್ತೆ, ನೀವು ಕಟ್ಟಿರೋದು 1,20,000. ದೊಡ್ಡ ಲಾಭ ಅಲ್ಲ, ಒಪ್ಕೋತೀನಿ, ಶೇರು ಫಂಡು ಅಂತ ಮಾತಾಡೋರು ನಗ್ತಾರೆ, ನಗ್ಲಿ, ಆ ದುಡ್ಡು ಮಗಳ ಫೀಸ್ ಕಟ್ಟುವಾಗ ಸಾಲ ಮಾಡೋದು ತಪ್ಪಿಸಿದ್ರೆ ಸಾಕು. ಗೃಹಲಕ್ಷ್ಮಿ 2,000 ಬರುತ್ತಲ್ಲ ಅದನ್ನೇ ಆರ್‌ಡಿಗೆ ಹಾಕ್ತೀನಿ ಅನ್ನೋ ಅಕ್ಕಂದಿರು ಇದ್ದಾರೆ, ಒಳ್ಳೇ ಯೋಚನೆ, ಆದ್ರೆ ಅದು ಒಂದೊಂದ್ಸಲ ತಿಂಗಳಿಗೆ ಸರಿಯಾಗಿ ಬರಲ್ಲ, ಎರಡು ಮೂರು ತಿಂಗಳದ್ದು ಒಟ್ಟಿಗೆ ಬೀಳುತ್ತೆ, ಆರ್‌ಡಿ ಕಂತು ತಪ್ಪಿದ್ರೆ 100ಕ್ಕೆ 1 ರೂಪಾಯಿ ದಂಡ. ಅದಕ್ಕೆ ಆರ್‌ಡಿ 500ರದ್ದು ಇಟ್ಕೊಂಡು ಮಿಕ್ಕಿದ್ದು ಬಂದಾಗ ಬೇರೆ ಇಡೋದು ವಾಸಿ. ಇನ್ನು ಚೀಟಿ ಹಾಕೋರಿಗೆ ಒಂದೇ ಮಾತು, ನೋಂದಣಿ ಆಗಿರೋ ಕಡೆ ಹಾಕಿ, ನಮ್ಮ ಸರ್ಕಾರದ ಎಂಎಸ್‌ಐಎಲ್ ಕೂಡ ಚೀಟಿ ನಡೆಸುತ್ತೆ.

ತಾನಾಗೇ ಕಟ್ ಆಗೋದ್ರಲ್ಲಿ ಇನ್ನೊಂದು ಇದೆ, ಇದನ್ನ ನಿಲ್ಲಿಸ್ಬೇಡಿ. ಪಾಸ್‌ಬುಕ್ಕಲ್ಲಿ ವರ್ಷಕ್ಕೊಂದ್ಸಲ, ಸಾಮಾನ್ಯವಾಗಿ ಮೇ ತಿಂಗಳ ಕೊನೇಲಿ, 20 ರೂಪಾಯಿ ಒಂದು, 436 ರೂಪಾಯಿ ಒಂದು ಹೋಗಿರೋದು ಕಂಡ್ರೆ ಬ್ಯಾಂಕಿನೋರು ಮೋಸ ಮಾಡಿದ್ರು ಅನ್ಕೋಬೇಡಿ. 20 ರೂಪಾಯಿದು ಅಪಘಾತ ವಿಮೆ, ಸುರಕ್ಷಾ ಬಿಮಾ, 436ರದ್ದು ಜೀವನ್ ಜ್ಯೋತಿ, ಯಾವ ಕಾರಣಕ್ಕೆ ಸಾವಾದ್ರೂ ಅನ್ವಯ ಆಗೋದು, ಎರಡಕ್ಕೂ ತಲಾ 2 ಲಕ್ಷ. ಜೂನ್ 1ರಿಂದ ಮುಂದಿನ ಮೇ 31ರ ತನಕ ಚಾಲ್ತಿ. ಖಾತೇಲಿ ಆಗ ದುಡ್ಡಿಲ್ಲ ಅಂದ್ರೆ ವಿಮೆ ಹೋಯ್ತು, ಆದ್ರಿಂದ ಮೇ ತಿಂಗಳಲ್ಲಿ ಒಂದು 500 ರೂಪಾಯಿ ಮುಟ್ಟದೇ ಬಿಡಿ.

ಕಷ್ಟ ಏನಂದ್ರೆ ಈ ವಿಮೆ ಇರೋದು ಖಾತೆದಾರರಿಗೇ ಎಷ್ಟೋ ಸಲ ಗೊತ್ತಿರಲ್ಲ, ಇನ್ನು ಮನೆಯವರಿಗೆ ಎಲ್ಲಿಂದ ಗೊತ್ತಾಗ್ಬೇಕು, ಕ್ಲೇಮ್ ಮಾಡೋರೇ ಇಲ್ಲ. ಮುಂದಿನ ಸಲ ಬ್ಯಾಂಕಿಗೆ ಹೋದಾಗ ಪಾಸ್‌ಬುಕ್ ಎಂಟ್ರಿ ಹಾಕಿಸಿ, ನಾಮಿನಿ ಯಾರಿದ್ದಾರೆ ಅಂತ ಕೌಂಟರಲ್ಲಿ ಕೇಳಿ, ಮದುವೆಗೆ ಮುಂಚೆ ತೆಗೆದ ಖಾತೆ ಆದ್ರೆ ಇನ್ನೂ ಅಪ್ಪನ ಹೆಸರೇ ಇರ್ಬೋದು. 2025ರ ನವೆಂಬರ್ 1ರಿಂದ ಬ್ಯಾಂಕ್ ಠೇವಣಿಗೆ ನಾಲ್ಕು ಜನರ ತನಕ ನಾಮಿನಿ ಹಾಕ್ಬೋದು, ಯಾರಿಗೆ ಎಷ್ಟು ಪಾಲು ಅಂತಾನೂ ಬರೀಬೋದು. ಇದಿಷ್ಟೂ ಆದ್ಮೇಲೆ ಯಾವ ಬ್ಯಾಂಕು, ಯಾವ ಬ್ರ್ಯಾಂಚು, ಯಾವ ವಿಮೆ ಅಂತ ಒಂದು ಹಾಳೇಲಿ ಬರೆದು ಮನೇಲಿ ಒಬ್ಬರಿಗೆ ತೋರಿಸಿಡಿ. ಎಟಿಎಂ ಪಿನ್ ಮಾತ್ರ ಅದ್ರಲ್ಲಿ ಬರೀಬೇಡಿ ಮತ್ತೆ. ನಮಸ್ಕಾರ.