ಕಲ್ಲಿನಿಂದ ಕಾಗದಕ್ಕೆ ಇಳಿದ ರೋಮನ್ ಸೈನಿಕ

ಕೇಳುಗರಿಗೆ ನಮಸ್ಕಾರ.

ಕಂದಕದೊಳಗೆ ನಿಂತ ಸೈನಿಕನೊಬ್ಬ ಮಣ್ಣು ತುಂಬಿದ ಬುಟ್ಟಿಯನ್ನು ಮೇಲಕ್ಕೆತ್ತಿ ಕೊಡುತ್ತಿದ್ದಾನೆ. ಜೊತೆಯವರಲ್ಲಿ ಕೆಲವರು ಮರ ಕಡಿಯುತ್ತಿದ್ದಾರೆ, ಕೆಲವರು ಕೋಟೆಯ ಗೋಡೆ ಎಬ್ಬಿಸುತ್ತಿದ್ದಾರೆ. ಗುರಾಣಿ, ಶಿರಸ್ತ್ರಾಣಗಳನ್ನು ಬದಿಗಿಟ್ಟಿದ್ದರೂ ಮೈಮೇಲಿನ ಕವಚವನ್ನು ಅವರು ಕಳಚಿಲ್ಲ. ರೋಮ್ ನಗರದ ಟ್ರಾಜನ್ ಸ್ತಂಭದಲ್ಲಿ ಕಾಣುವ ಇಂಥ ದೃಶ್ಯಗಳೇ, ರೋಮನ್ ಸೈನಿಕ ಎಂದೊಡನೆ ನಮ್ಮ ಕಣ್ಣಿಗೆ ಕಟ್ಟುವ ರೂಪದ ಮುಖ್ಯ ಮೂಲ.

ಇಂದಿನ ರೊಮೇನಿಯಾದ ನೆಲದಲ್ಲಿದ್ದ ಡೇಶಿಯಾ ರಾಜ್ಯದ ಮೇಲೆ ಚಕ್ರವರ್ತಿ ಟ್ರಾಜನ್ ಕ್ರಿ.ಶ. 101ರಿಂದ 106ರೊಳಗೆ ಎರಡು ಯುದ್ಧಗಳನ್ನು ನಡೆಸಿ ಗೆದ್ದ ನೆನಪಿಗೆ, 113ರಲ್ಲಿ ಪೂರ್ಣಗೊಂಡ ಈ ಸ್ತಂಭ ಪೀಠವನ್ನು ಬಿಟ್ಟು ಸುಮಾರು 30 ಮೀಟರ್ ಎತ್ತರವಿದೆ. ಬಳ್ಳಿಯಂತೆ ಅದನ್ನು ಸುತ್ತಿ ಮೇಲೇರುವ ಉಬ್ಬುಶಿಲ್ಪದ ಪಟ್ಟಿಕೆಯ ಉದ್ದ ಸುಮಾರು 200 ಮೀಟರ್. ಅದರಲ್ಲಿ 2,500ಕ್ಕೂ ಹೆಚ್ಚು ಆಕೃತಿಗಳಿವೆ. ವಿಜಯಸ್ತಂಭವಾದರೂ ಇಲ್ಲಿ ಕಾಳಗಕ್ಕಿಂತ ದಂಡಯಾತ್ರೆ, ಕಟ್ಟಡದ ಕೆಲಸ, ಬಲಿಪೂಜೆಗಳದ್ದೇ ಮೇಲುಗೈ. ಡ್ಯಾನ್ಯೂಬ್ ನದಿಗೆ ದೋಣಿಗಳನ್ನು ಸಾಲಾಗಿ ಜೋಡಿಸಿ ಮಾಡಿದ ಸೇತುವೆಯ ಮೇಲೆ ಸೈನ್ಯ ದಾಟುತ್ತದೆ. ಒಂದೆಡೆ ತೊಡೆಗೆ ಗಾಯವಾಗಿ ಕುಳಿತವನಿಗೆ ಇನ್ನೊಬ್ಬ ಪಟ್ಟಿ ಸುತ್ತುತ್ತಿದ್ದಾನೆ. ಇಡೀ ಸ್ತಂಭದಲ್ಲಿ ನನ್ನ ಮನಸ್ಸನ್ನು ಹೆಚ್ಚು ತಟ್ಟಿದ ಚಿತ್ರ ಇದು.

ಆದರೆ ಮೇಲಿನ ಸುತ್ತುಗಳು ನೆಲದಲ್ಲಿ ನಿಂತವನ ಕಣ್ಣಿಗೆ ನಿಲುಕುವುದಿಲ್ಲ. ಹದಿನಾರನೆಯ ಶತಮಾನದ ಆರಂಭದ ಹೊತ್ತಿಗೆ ಯಾಕೊಪೊ ರಿಪಾಂಡ ಎಂಬ ಇಟಲಿಯ ಕಲಾವಿದ ಪ್ರಾಣಭಯವನ್ನು ಬದಿಗೊತ್ತಿ ಸ್ತಂಭದ ಮೇಲಕ್ಕೇರಿ ಇವುಗಳ ರೇಖಾಚಿತ್ರ ಬರೆದನು. 1576ರಲ್ಲಿ ಇಡೀ ಪಟ್ಟಿಕೆಯ ಅಚ್ಚುಚಿತ್ರಗಳು ಪುಸ್ತಕವಾಗಿ ಹೊರಬಂದವು. ಅಲ್ಲಿಂದ ಮುಂದೆ ಯುರೋಪಿನ ಚಿತ್ರಕಾರರು ರೋಮನ್ ಸೈನಿಕನನ್ನು ಬರೆಯುವಾಗ ಇಂಥ ಪ್ರತಿಗಳನ್ನೇ ಆಧರಿಸಿದರು.

ತೊಡಕು ಹುಟ್ಟಿದ್ದೂ ಇಲ್ಲಿಯೇ. ಸ್ತಂಭದ ಶಿಲ್ಪಿಗಳು ನೋಡುವವರಿಗೆ ಗುರುತು ಸಿಗಲೆಂದು ರೋಮನ್ ಪೌರತ್ವವಿದ್ದ ಪೌರ ಸೈನಿಕರಿಗೆ ಪಟ್ಟಿಪಟ್ಟಿಯಾದ ಕವಚವನ್ನೂ ಪೌರತ್ವವಿಲ್ಲದವರೇ ಹೆಚ್ಚಾಗಿದ್ದ ಸಹಾಯಕ ದಳದವರಿಗೆ ಬೇರೆ ಉಡುಗೆಯನ್ನೂ ಕೊಟ್ಟಿದ್ದರು. ಶಿಲ್ಪದ ಈ ಅನುಕೂಲವನ್ನು ನಂತರದವರು ಸೈನ್ಯದ ನಿಯಮವೆಂದೇ ತಿಳಿದರು. ಮೈಗಂಟಿದ ಬಟ್ಟೆಯಂತೆ ಕಡೆದಿರುವ ಆ ಕವಚ ನಿಜವಾಗಿ ಹೇಗೆ ಜೋಡಣೆಯಾಗುತ್ತಿತ್ತು ಎಂಬುದು ಸ್ಪಷ್ಟವಾಗಲು 1964ರವರೆಗೆ ಕಾಯಬೇಕಾಯಿತು. ಆ ವರ್ಷ ಉತ್ತರ ಇಂಗ್ಲೆಂಡಿನ ಕಾರ್ಬ್ರಿಜ್‌ನಲ್ಲಿ ಮರದ ಪೆಟ್ಟಿಗೆಯೊಂದು ನೆಲದಿಂದ ಹೊರಬಂತು. ಅದರಲ್ಲಿದ್ದ ಕವಚದ ತುಂಡುಗಳು ಕಬ್ಬಿಣದ ಪಟ್ಟಿಗಳು, ಕೀಲುಗಳು, ತೊಗಲಿನ ವಾರುಗಳ ಹೊಂದಾಣಿಕೆಯನ್ನು ತೋರಿಸಿಕೊಟ್ಟವು.

ಇದೇ ಡೇಶಿಯಾ ಯುದ್ಧಗಳ ಇನ್ನೊಂದು ಸ್ಮಾರಕ ರೊಮೇನಿಯಾದ ಆಡಮ್‌ಕ್ಲಿಸಿಯಲ್ಲಿದೆ. ಅಲ್ಲಿನ ಕೆತ್ತನೆ ಒರಟು, ಮುಖಗಳಲ್ಲಿ ನಯವಿಲ್ಲ. ಆದರೂ ಉಡುಗೆ ತೊಡುಗೆಯ ಮಟ್ಟಿಗೆ ರಾಜಧಾನಿಯ ಅಮೃತಶಿಲೆಗಿಂತ ಈ ಗಡಿನಾಡಿನ ಕಲ್ಲನ್ನೇ ನಾನು ಹೆಚ್ಚು ನಂಬುತ್ತೇನೆ. ಇಲ್ಲಿ ಪೌರ ಸೈನಿಕರು ತೊಟ್ಟಿರುವುದು ಬಳೆಗಳನ್ನು ಹೆಣೆದ ಕವಚ, ಇಲ್ಲವೇ ಮೀನಿನ ಹುರುಪೆಯಂಥ ಕವಚ. ಡೇಶಿಯನ್ನರ ಬಾಗಿದ ಕತ್ತಿಯ ಹೊಡೆತ ತಾಳಲೆಂಬಂತೆ, ಕತ್ತಿ ಹಿಡಿದ ಅವರ ಬಲಗೈಗೆ ಭುಜದಿಂದ ಮಣಿಕಟ್ಟಿನವರೆಗೆ ಪಟ್ಟಿಗಳ ಕಾಪು ಇದೆ. ಟ್ರಾಜನ್ ಸ್ತಂಭದ ಸೈನಿಕರ ತೋಳುಗಳಲ್ಲಿ ಅದು ಕಾಣುವುದಿಲ್ಲ.