ಕ್ಯಾಮೆರಾ ಎಲ್ಲಿಂದ ನೋಡುತ್ತದೆ

ಕೇಳುಗರಿಗೆ ನಮಸ್ಕಾರ.

ನಮ್ಮ ಜನಪ್ರಿಯ ಚಿತ್ರಗಳಲ್ಲಿ ನಾಯಕನ ಪ್ರವೇಶವಾಗುವಾಗ ಮೊದಲು ಅವನ ಬೂಟು, ಆಮೇಲೆ ಕೆಳಗಿನಿಂದ ಮೇಲೆ ನೋಡುವ ಕೋನದಲ್ಲಿ ಅವನ ಪೂರ್ಣ ಆಕೃತಿ ಕಾಣಿಸುವುದು ಎಷ್ಟು ರೂಢಿಯಾಗಿದೆಯೆಂದರೆ, ಲೋ ಆಂಗಲ್ ಎಂದರೆ ಬಲ, ಹೈ ಆಂಗಲ್ ಎಂದರೆ ದೌರ್ಬಲ್ಯ ಎಂಬ ಸೂತ್ರ ಪ್ರೇಕ್ಷಕರಿಗೂ ಬಾಯಿಪಾಠವಾಗಿದೆ. ಸೂತ್ರ ಸುಳ್ಳಲ್ಲ, ತಲೆಯೆತ್ತಿ ನೋಡಬೇಕಾದವರು ನಮಗಿಂತ ದೊಡ್ಡವರೆಂಬ ಭಾವನೆ ಬಾಲ್ಯದಿಂದಲೇ ಕಣ್ಣಿಗೆ ಅಂಟಿಕೊಂಡಿರುತ್ತದೆ. ಆದರೆ ಅದನ್ನೇ ನಿಘಂಟಿನಂತೆ ನಂಬಿ ಕುಳಿತರೆ ಒಳ್ಳೆಯ ಛಾಯಾಗ್ರಾಹಕರ ಕೆಲಸದಲ್ಲಿ ಅರ್ಧದಷ್ಟು ನಮ್ಮ ಕಣ್ತಪ್ಪಿ ಹೋಗುತ್ತದೆ.

1941ರಲ್ಲಿ ತೆರೆಕಂಡ ‘ಸಿಟಿಜನ್ ಕೇನ್’ ಚಿತ್ರದ ಒಂದು ದೃಶ್ಯವನ್ನು ನೋಡೋಣ. ಪತ್ರಿಕೋದ್ಯಮಿ ಕೇನ್ ಗವರ್ನರ್ ಚುನಾವಣೆಯಲ್ಲಿ ಸೋತಿದ್ದಾನೆ. ರಾತ್ರಿ, ಖಾಲಿಯಾದ ಪ್ರಚಾರ ಕಚೇರಿಗೆ ಅವನ ಹಳೆಯ ಗೆಳೆಯ ಲೀಲ್ಯಾಂಡ್ ಕುಡಿದು ಬಂದು, ಮುಖಕ್ಕೆ ಹೊಡೆದಂತೆ ಸತ್ಯ ಹೇಳುತ್ತಾನೆ. ಸೂತ್ರದ ಪ್ರಕಾರ ಸೋತವನನ್ನು ಮೇಲಿನಿಂದ ತೋರಿಸಬೇಕಿತ್ತು. ನಿರ್ದೇಶಕ ಆರ್ಸನ್ ವೆಲ್ಸ್ ಮತ್ತು ಛಾಯಾಗ್ರಾಹಕ ಗ್ರೆಗ್ ಟೋಲ್ಯಾಂಡ್ ಮಾಡಿದ್ದು ಅದಕ್ಕೆ ತದ್ವಿರುದ್ಧ: ಸ್ಟುಡಿಯೋದ ನೆಲವನ್ನೇ ಅಗೆಸಿ, ಕ್ಯಾಮೆರಾವನ್ನು ಆ ಗುಂಡಿಗಿಳಿಸಿ, ಅಲ್ಲಿಂದ ಅವನನ್ನು ನೋಡಿದರು. ಕೇನ್ ಕಂಬದಂತೆ ದೈತ್ಯನಾಗಿ ಕಾಣುತ್ತಾನೆ, ನಿಜ. ಆದರೆ ಅದೇ ಕೋನ ಅವನ ತಲೆಯ ಮೇಲಿನ ಚಾವಣಿಯನ್ನೂ ಚೌಕಟ್ಟಿನೊಳಕ್ಕೆ ಎಳೆದು ತರುತ್ತದೆ. ದೀಪಗಳಿಗೂ ಮೈಕುಗಳಿಗೂ ಜಾಗ ಬೇಕೆಂದು ಅಂದಿನ ಹಾಲಿವುಡ್ ಸೆಟ್ಟುಗಳನ್ನು ಸಾಮಾನ್ಯವಾಗಿ ಚಾವಣಿಯಿಲ್ಲದೆ ಕಟ್ಟುತ್ತಿದ್ದರು. ಇವರು ತೆಳು ಬಟ್ಟೆಯ ಚಾವಣಿ ಬಿಗಿದು ಮೈಕನ್ನು ಅದರ ಹಿಂದೆ ಅಡಗಿಸಿದರು. ಹೀಗಾಗಿ ಇಷ್ಟು ದೊಡ್ಡ ಮನುಷ್ಯನಿಗೆ ಈ ಕೋಣೆ ಸಾಲದು ಎಂಬ ಉಸಿರುಗಟ್ಟುವ ಅನುಭವ ನಮಗಾಗುತ್ತದೆ. ಸೋತ ಮೇಲೂ ಇಳಿಯದ ಅಹಂಕಾರವನ್ನು ಮಾತಿಲ್ಲದೆ ಹೇಳಿದ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗಂತೂ ಗೊತ್ತಿಲ್ಲ.

ಇಲ್ಲಿ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಕ್ಯಾಮೆರಾ ಎಷ್ಟು ಎತ್ತರದಲ್ಲಿದೆ ಎಂಬುದು ಬೇರೆ, ಅದು ಯಾವ ಕಡೆಗೆ ಓರೆಯಾಗಿದೆ ಎಂಬುದು ಬೇರೆ. ಜಪಾನಿನ ನಿರ್ದೇಶಕ ಯಾಸುಜಿರೊ ಓಜು ತಮ್ಮ ಕ್ಯಾಮೆರಾವನ್ನು ಚಾಪೆಯ ಮೇಲೆ ಕುಳಿತವರ ಕಣ್ಣಿಗಿಂತಲೂ ತಗ್ಗಿನಲ್ಲಿಡುತ್ತಿದ್ದರೂ ಅದು ಬಹುಮಟ್ಟಿಗೆ ನೇರವಾಗಿಯೇ ನೋಡುತ್ತದೆ. ಅಲ್ಲಿ ಯಾರೂ ದೈತ್ಯರಾಗುವುದಿಲ್ಲ.

ಇನ್ನು ಮೇಲಿನ ಕೋನ. ನಿರ್ದೇಶಕ ಹಿಚ್‌ಕಾಕ್ ಅವರ 1960ರ ‘ಸೈಕೋ’ ಚಿತ್ರದಲ್ಲಿ ಪತ್ತೇದಾರ ಮೆಟ್ಟಿಲೇರಿ ಬರುತ್ತಿದ್ದಂತೆ ಕ್ಯಾಮೆರಾ ಏಕಾಏಕಿ ಚಾವಣಿಗೆ ಹೋಗುತ್ತದೆ, ಕೋಣೆಯಿಂದ ಕೊಲೆಗಾರ ಆಕೃತಿ ನುಗ್ಗುತ್ತದೆ. ಪತ್ತೇದಾರನನ್ನು ಕುಗ್ಗಿಸಿ ತೋರಿಸುವುದಷ್ಟೇ ಇದರ ಕೆಲಸವಲ್ಲ. ಕೊಲೆಗಾರ ಆಕೃತಿಯನ್ನು ಬೆನ್ನ ಕಡೆಯಿಂದ ತೋರಿಸಿದ್ದರೆ, ಅದರ ಮುಖವನ್ನು ಬೇಕೆಂದೇ ಮರೆಮಾಚುತ್ತಿದ್ದಾರೆಂದು ಪ್ರೇಕ್ಷಕರು ಸಂಶಯಪಡುತ್ತಿದ್ದರು ಎಂಬುದು ಹಿಚ್‌ಕಾಕ್ ಸ್ವತಃ ಕೊಟ್ಟ ಒಂದು ಕಾರಣ. ಅದಕ್ಕಿಂತ ಮುಖ್ಯವೆಂದು ಅವರು ಹೇಳಿದ್ದು, ದೂರದ ಈ ನೋಟದಿಂದ ಪತ್ತೇದಾರನ ಮುಖದ ಭಾರೀ ಕ್ಲೋಸಪ್ಪಿಗೆ ಹಾರುವಾಗ ಹುಟ್ಟುವ ಆಘಾತ. ಮೇಲಿನಿಂದ ಎಲ್ಲವೂ ಕಾಣುತ್ತಿದೆ ಎಂದು ನಂಬಿ ಕುಳಿತ ನಮಗೆ ಕಾಣಲೇಬೇಕಾಗಿದ್ದ ಕೊಲೆಗಾರನ ಮುಖ ಮಾತ್ರ ಕಂಡಿರುವುದಿಲ್ಲ.